ಗ್ರೀಸಿಗೆ ಕಟ್ಟಿದ ತೊಟ್ಟಿಲು

ಗ್ರೀಸಿನ ಡಬ್ಬಿಯನ್ನು ತೊಟ್ಟಿಲಲ್ಲಿ ಮಲಗಿಸಿ, ಅದರ ತಲೆಗೆ ಕುಲಾಯಿ ಕಟ್ಟಿ, ಐದು ಜನ ಮುತ್ತೈದೆಯರು ಸುತ್ತ ನಿಂತು ಜೋಗುಳ ಹಾಡಿದ ಮನೆಯನ್ನು ನೀವು ಎಲ್ಲಿಯೂ ನೋಡಿರಲಿಕ್ಕಿಲ್ಲ. ಆ ಮನೆ ನಮ್ಮದು. ಹಾಗೆ ಹಾಡಿಸಿದ ಬುದ್ಧಿವಂತನೂ ಬೇರೆ ಯಾರಲ್ಲ, ನಾನೇ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಆಮೇಲೆ ನಾನು ನನ್ನ ಸಂಕಟ ಹೇಳಿಕೊಳ್ಳಬೇಕಾಗಿದೆ.

ನನ್ನ ಹೆಸರು ಸಂಜೀವಕುಮಾರ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ಮನೆ. ಮನೆಯ ಹಿಂದೆ ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ನಾನು ಟ್ರ್ಯಾಕ್ಟರಿಗೆ, ಭತ್ತ ಕೊಯ್ಯುವ ಯಂತ್ರಕ್ಕೆ, ಬೇಳೆ ಮಿಲ್ಲಿನ ಬೇರಿಂಗಿಗೆ ಹಾಕುವ ಗ್ರೀಸು ತಯಾರಿಸುತ್ತೇನೆ. ದೊಡ್ಡ ಕಡಾಯಿಯಲ್ಲಿ ಎಣ್ಣೆ ಕುದಿಸಿ, ಅದಕ್ಕೆ ಸೇರಿಸುವುದನ್ನೆಲ್ಲ ಸೇರಿಸಿ, ಹೋಳಿಗೆಯ ಹೂರಣದ ಹದಕ್ಕೆ ಬರುವವರೆಗೆ ಕೈಯಾಡಿಸಬೇಕು. ಹಾಗೆ ಕೈಯಾಡಿಸುವುದು ನನ್ನ ಹೆಂಡತಿ ಭುವನೇಶ್ವರಿ ಮತ್ತು ಪಕ್ಕದ ಮನೆಯ ಮುನ್ನಿಬೀ. ನನ್ನ ಪಾಲಿಗಿರುವುದು ಆಡಳಿತ. (ಅಂದರೆ ಕುರ್ಚಿ ಹಾಕಿಕೊಂಡು ಕುಳಿತು, 'ಇನ್ನಷ್ಟು ತಿರುವ್ರಿ' ಎನ್ನುವುದು.)

ಗ್ರೀಸು ನನ್ನ ಚೊಚ್ಚಲ ಸಾಹಸವೇನೂ ಅಲ್ಲ. ಅದಕ್ಕೂ ಮೊದಲು 'ಸಂಜೀವ ಬ್ರಿಕ್ಸ್' ಎಂಬ ಸಿಮೆಂಟ್ ಇಟ್ಟಂಗಿ ಮಾಡಿದ್ದೆ. ಮೊದಲ ಮಳೆಗೇ ಅವು ಅಂಬಲಿಯಾಗಿ ಹರಿದುಹೋದವು. ಆಮೇಲೆ ಪೈಪು ಜೋಡಿಸುವ 'ಸಂಜೀವ ಸಲ್ಯೂಷನ್' ಮಾಡಿದೆ. ಅದು ಪೈಪಿಗೆ ಅಂಟಲಿಲ್ಲ. ನನ್ನ ಬೆರಳಿಗೆ ಮಾತ್ರ ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಆ ವರ್ಷದ ಯುಗಾದಿಗೆ ಭುವನೇಶ್ವರಿಯೇ ನನಗೆ ಹೋಳಿಗೆ ತಿನ್ನಿಸಬೇಕಾಯಿತು. ಹೀಗಾಗಿ ಗ್ರೀಸು ಶುರುವಾದ ದಿನವೇ ಅವಳು ಸ್ಪಷ್ಟವಾಗಿ ಹೇಳಿದ್ದಳು, "ಇದೂ ಕೈ ಕೊಟ್ರ ಆ ಶೆಡ್ಡಿನ್ಯಾಗ ಎಮ್ಮಿ ಕಟ್ತೀನಿ ನೋಡ್ರಿ. ಎಮ್ಮಿ ಹಾಲರ ಕೊಡ್ತದ."

ದೇವರು ದೊಡ್ಡವನು, ಗ್ರೀಸು ಅಪ್ಪಟವಾಗಿ ಬಂತು. ಯಾದಗಿರಿಯ ಬಿಡಿಭಾಗಗಳ ಅಂಗಡಿಯ ಅಂಬ್ರಪ್ಪ ಒಂದಿಷ್ಟನ್ನು ಬೆರಳಲ್ಲಿ ತೆಗೆದು, ಉಜ್ಜಿ, ಮೂಸಿ, ತಲೆಯಾಡಿಸಿದ. "ಮಾಲ್ ಪಕ್ಕಾ ಅದ. ತೊಗರಿ ಸುಗ್ಗಿ ಬಂದು ಬೇಳೆ ಮಿಲ್ ಚಾಲೂ ಆಗೂದ್ರಾಗ ಕಳಸ್ರಿ. ಆದ್ರ ಡಬ್ಬಿ ಮ್ಯಾಲ ಒಂದು ಹೆಸರು ಬೇಕ್ರಿ. ಹೆಸರಿಲ್ಲದ ಮಾಲ್ ನಾ ಇಡಂಗಿಲ್ಲ" ಎಂದ.

ಹೆಸರು! ಅದಕ್ಕೇನು ಬರಗಾಲ? ಬಸ್ಸಿನಲ್ಲಿ ಶಹಾಪುರ ಮುಟ್ಟುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಡಬ್ಬಿ ಸಿದ್ಧವಾಗಿತ್ತು. 'ಸಂಜೀವ ಗೋಲ್ಡ್.' ಬಂಗಾರದ ಬಣ್ಣದ ಅಕ್ಷರ, ನಡುವೆ ಅಂಡಾಕಾರದ ಚೌಕಟ್ಟು, ಆ ಚೌಕಟ್ಟಿನಲ್ಲಿ ಕೋಟು ಹಾಕಿದ ನಾನು. ವಡಗೇರಾದಿಂದ ಕೊಡೇಕಲ್‌ವರೆಗೆ ಟ್ರ್ಯಾಕ್ಟರ್ ಇದ್ದ ಪ್ರತಿ ಮನೆಯಲ್ಲೂ ನನ್ನ ಮುಖ ಇರುತ್ತದೆ ಎಂದುಕೊಂಡಾಗ ನನಗೇ ರೋಮಾಂಚನವಾಯಿತು. ಸುಳ್ಳೇಕೆ ಹೇಳಲಿ, ಇಟ್ಟಂಗಿಯಲ್ಲಿ ಕರಗಿಹೋದ ನನ್ನ ಹೆಸರು ಊರ ಜನರ ಬಾಯಲ್ಲಿ ಒಂದು ಸಲ ಮರ್ಯಾದೆಯಿಂದ ಬರಬೇಕು ಎಂಬ ಆಸೆ ನನಗೆ ಬಹಳ ಇತ್ತು.

ಮೊಬೈಲಿನಲ್ಲಿ ಲೇಬಲ್ಲಿನ ಚಿತ್ರ ತೋರಿಸಿದಾಗ ಭುವನೇಶ್ವರಿ ಕನ್ನಡಕ ಏರಿಸಿಕೊಂಡು ನೋಡಿದಳು.

"ಡಬ್ಬಿ ಮ್ಯಾಲ ನಿಮ್ಮ ಫೋಟೋ ಯಾಕ್ರಿ?"

"ಮಾಲಕನ ಮುಖ ನೋಡಿದ್ರ ಗಿರಾಕಿಗೆ ಭರೋಸಾ ಬರ್ತದ."

"ನಾ ಇಷ್ಟು ವರ್ಷದಿಂದ ನೋಡಾಕತ್ತೇನಿ. ನನಗಿನ್ನೂ ಬಂದಿಲ್ಲ."

"ಮತ್ತ ನೀನು ಹೇಳು, ಏನು ಇಡೂಣು?"

"ತಿರುವಿ ತಿರುವಿ ನನ್ನ ರಟ್ಟಿ ಬಿದ್ದಾವ. 'ಭುವನಾ' ಅಂತ ಇಡ್ರಿ. ನಾಜೂಕ ಇರ್ತದ."

"ಗ್ರೀಸಿಗೆ ನಾಜೂಕ ಹೆಸರು ಯಾಕ? ಮುಖಕ್ಕ ಹಚ್ಚೋ ಪೌಡರ್ ಏನು ಅದು?"

"ನಿಮ್ಮ ಹೆಸರು ಇಟ್ರ ಟಾನಿಕ್ ಅಂತ ತಿಳೀತಾರ. ಯಾರರ ಅಪ್ಪಿತಪ್ಪಿ ನೆಕ್ಕಿದ್ರ ದವಾಖಾನಿಗಿ ನೀವ ಹೋಗ್ರಿ."

ಈ ವಾಗ್ಯುದ್ಧ ಊಟದ ಹೊತ್ತಿಗೂ ನಿಲ್ಲಲಿಲ್ಲ. ರೊಟ್ಟಿ ಬಡಿಯುವ ಸದ್ದಿನಲ್ಲೇ ಅವಳ ಸಿಟ್ಟು ಗೊತ್ತಾಗುತ್ತಿತ್ತು. ಆಗ ನನಗೆ ಆ ದರಿದ್ರ ಯೋಚನೆ ಹೊಳೆಯಿತು. (ಹೊಳೆದಾಗ ಅದು ದಿವ್ಯವಾಗಿಯೇ ಕಂಡಿತ್ತು.) ನಮ್ಮಲ್ಲಿ ಮನೆಯಲ್ಲಿ ಹುಟ್ಟಿದ್ದಕ್ಕೆ ಹೆಸರಿಡುವ ಹಕ್ಕು ಸೋದರತ್ತೆಯದು. ಕೊಡೇಕಲ್ಲಿಗೆ ಕೊಟ್ಟ ನನ್ನ ಅಕ್ಕ ಮಾನಮ್ಮ, ಭುವನೇಶ್ವರಿ 'ಹೂಂ' ಎಂದದ್ದಕ್ಕೆ ಈವರೆಗೆ 'ಊಹೂಂ' ಎನ್ನದೆ ಬಿಟ್ಟವಳಲ್ಲ, ಅಕ್ಕನ ಮಾತಿಗೆ ಭುವನೇಶ್ವರಿಯೂ ಅಷ್ಟೇ. ಅಕ್ಕನ ಬಾಯಿಂದ ಸಂಜೀವ ಎಂದು ಹೇಳಿಸಿಬಿಟ್ಟರೆ ಭುವನೇಶ್ವರಿ ಶಾಸ್ತ್ರದ ಎದುರು ಏನು ಮಾಡಿಯಾಳು? ಕೂಡಲೇ ಫೋನು ಹಚ್ಚಿದೆ.

"ಯಕ್ಕಾ, ನನ್ನ ಮನ್ಯಾಗ ಹುಟ್ಟಿದ್ದಕ್ಕ ಹೆಸರಿಡೋ ಹಕ್ಕು ಯಾರದು?"

ಆ ಕಡೆ ಅಕ್ಕ ಹೌಹಾರಿದಳು. "ಯಪ್ಪಾ ದೇವ್ರೇ! ಈ ವಯಸ್ಸಿನ್ಯಾಗ? ಭುವನಾ ಹೆಂಗ ಅದಾಳೋ?"

"ಕೂಸಲ್ಲ ಯಕ್ಕಾ, ಗ್ರೀಸು!"

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ನಿನ್ನ ಮಗಳು ಹುಟ್ಟಿದಾಗ ಮೊಬೈಲಿನ್ಯಾಗ ಹುಡುಕಿ ಹೆಸರಿಟ್ಟು ನನ್ನ ಬಾಯಿ ಬಡದಿದ್ರಿ. ಈಗರ ಬುದ್ಧಿ ಬಂತಲ್ಲ. ಐತವಾರ ಬರ್ತೀನಿ. ತೊಟ್ಟಿಲು ನಾನೇ ತರ್ತೀನಿ" ಎಂದಳು.

"ತೊಟ್ಟಿಲು ಯಾಕ ಯಕ್ಕಾ? ಸುಮ್ನ ಬಂದು ಸಂಜೀವ ಅಂತ ಹೇಳು. ಒಂದು ಇಲಕಲ್ ಸೀರಿ ಕೊಡಸ್ತೀನಿ."

"ಶಾಸ್ತ್ರ ಅಂದ್ರ ಶಾಸ್ತ್ರ. ನೀ ಸುಮ್ಕಿರು."

ಐತವಾರ ಅಕ್ಕ ಕೊಡೇಕಲ್ಲಿನಿಂದ ಬಸ್ಸಿನಲ್ಲಿ ಖಾಲಿ ತೊಟ್ಟಿಲು ಹೊತ್ತು ಇಳಿದಳು. ಕೂಸು ಎಲ್ಲಿ ಎಂದು ಕಂಡಕ್ಟರ್ ಕೇಳಿದನಂತೆ. "ಶಹಾಪುರದಾಗ ಡಬ್ಬ್ಯಾಗ ಅದ" ಎಂದಳಂತೆ. ಅವಳು ಇಳಿಯುವವರೆಗೂ ಅವನು ಮತ್ತೆ ಅವಳ ಕಡೆ ತಿರುಗಿ ನೋಡಲಿಲ್ಲವಂತೆ.

ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಹೊಳೆಯುವ ಐದು ಕಿಲೋ ಡಬ್ಬಿಗೆ ಅರಿಶಿಣ ಕುಂಕುಮ ಹಚ್ಚಿ, ಜರಿಯ ಕುಲಾಯಿ ಕಟ್ಟಿ, ಮೆತ್ತಗೆ ಮಲಗಿಸಿ, ಐದು ಜನ ಮುತ್ತೈದೆಯರು ಜೋಗುಳ ಹಾಡಿದರು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಗುಗ್ಗರಿ ಬೆಂದಿತ್ತು. ಮುನ್ನಿಬೀ "ಎಷ್ಟು ಛಂದ ಮಲಗ್ಯಾನ ನೋಡ್ರಿ, ಅಪ್ಪನ ಹೊಟ್ಟಿಯಂಗ ಗುಂಡಗ" ಎಂದು ಡಬ್ಬಿಗೆ ನೆಟಿಗೆ ಮುರಿದಳು. ನನ್ನ ಮುಖದಲ್ಲಿ ನಗು ತಾನಾಗಿಯೇ ಅರಳಿತ್ತು. ಇನ್ನೇನು, ಅಕ್ಕ ಬಗ್ಗಿ ಮುಚ್ಚಳದ ಹತ್ತಿರ 'ಕುರ್ರ್' ಎಂದು ನನ್ನ ಹೆಸರು ಊದಿದರೆ ಆಯಿತು.

ಬಗ್ಗಿದವಳು ಅರ್ಧಕ್ಕೇ ನಿಂತಳು.

"ತಡೀರಿ. ತಮ್ಮಾ, ಇದು ಎಷ್ಟನೇದು?"

"ಏನು ಎಷ್ಟನೇದು?"

"ನಿನಗ ಹುಟ್ಟಿದ ಮಾಲ್. ಮೊದಲಿಂದು ಇಟ್ಟಂಗಿ ಏನಾತು?"

ನಾನು ನೆಲ ನೋಡಿದೆ. "ಹೋತು."

"ಎರಡನೇದು?"

"ಅದೂ ಹೋತು."

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಎರಡು ಹುಟ್ಟಿ ಎರಡೂ ಉಳದಿಲ್ಲ. ಮೂರನೇದಕ್ಕ ಮತ್ತ ಬಂಗಾರ, ಸಂಜೀವ ಅಂತೀಯಲ್ಲ, ನಿನಗ ತಲಿ ನೆಟ್ಟಗ ಅದನೋ ಇಲ್ಲೋ? ಛಂದ ಹೆಸರಿಟ್ರ ದಿಟ್ಟಿ ಆಗ್ತದ. ಇದನ್ನ ತಿಪ್ಪಿ ಮ್ಯಾಲ ಉಳ್ಳಾಡಿಸಬೇಕು!"

ನಮ್ಮ ಕಡೆಯ ಈ ಪದ್ಧತಿ ನಿಮಗೆ ಗೊತ್ತಿರದಿದ್ದರೆ ಹೇಳುತ್ತೇನೆ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಒಂದು ಸುತ್ತು ಉರುಳಿಸಿ, ಮೊರದಲ್ಲಿಟ್ಟು ನೆರೆಯವರಿಗೆ ಒಂದು ಹಿಡಿ ಜೋಳಕ್ಕೆ ಮಾರಿದಂತೆ ಮಾಡಿ, ಮತ್ತೆ ಮನೆಗೆ ತಂದು ತಿಪ್ಪಣ್ಣ ಎಂದು ಕರೆಯುತ್ತಾರೆ. ಇದು ಯಾರಿಗೂ ಬೇಡವಾದದ್ದು ಎಂದುಕೊಂಡು ಕೆಟ್ಟ ದೃಷ್ಟಿ ಮುಂದಿನ ಮನೆಗೆ ಹೋಗಲಿ ಎಂಬ ಉಪಾಯ. ಕೂಸಿಗೆ ಸರಿ. ಗ್ರೀಸಿಗೆ?

ನಾನು ಕೊನೆಯ ಆಸರೆಯೆಂದು ಭುವನೇಶ್ವರಿಯ ಕಡೆ ನೋಡಿದೆ. ಅಕ್ಕನ ಮಾತಿಗೆ ಎದುರಾಡುವ ಅವಳ ವ್ರತ ಭಂಗವಾಗುವ ಗಳಿಗೆ ಅದೇ ಆಗಬೇಕೆ!

"ಅಕ್ಕಾರು ಖರೇ ಹೇಳಾಕತ್ತಾರ್ರಿ. ನನಗ ಇದು ಹೊಳೀಲೇ ಇಲ್ಲ ನೋಡ್ರಿ" ಎಂದು ಅವಳೇ ಮೊರ ತಂದಳು.

ಡಬ್ಬಿ ಹಿತ್ತಲಿನ ತಿಪ್ಪೆಯ ಮೇಲೆ ಉರುಳಿತು. ಒಂದು ಹಿಡಿ ಜೋಳ ಕೊಟ್ಟು ಮುನ್ನಿಬೀ ಅದನ್ನು ಕೊಂಡಳು. ಕೊಂಡವಳು "ಅಣ್ಣಾ, ಈಗ ಇದು ನಂದು, ಕೊಡಂಗಿಲ್ಲ" ಎಂದು ಎದೆಗವಚಿಕೊಂಡು ಮನೆಯ ಕಡೆ ನಡೆದೇಬಿಟ್ಟಳು. ಅವಳ ಹಿಂದೆ ಓಡಿ, ಗೋಗರೆದು, ಎರಡು ಬೊಗಸೆ ಗುಗ್ಗರಿ ಕೊಟ್ಟು ಬಿಡಿಸಿಕೊಂಡು ಬರಬೇಕಾಯಿತು. ಕೊನೆಗೆ ಅಕ್ಕ ತೊಟ್ಟಿಲಿಗೆ ಬಗ್ಗಿ "ಕುರ್ರ್... ತಿಪ್ಪಣ್ಣ" ಎಂದಳು. ಹೆಸರಿಟ್ಟವಳ ಬೆನ್ನಿಗೆ ಹೆಂಗಸರು ಗುದ್ದುವುದು ಸಂಪ್ರದಾಯ. ಗಲಾಟೆಯಲ್ಲಿ ಆ ಗುದ್ದುಗಳಲ್ಲಿ ಅರ್ಧ ನನ್ನ ಬೆನ್ನಿಗೆ ಬಿದ್ದವು. ಎಲ್ಲಕ್ಕಿಂತ ಗಟ್ಟಿಯಾದದ್ದು ಯಾರ ಕೈಯದೆಂದು ನನಗೆ ಗೊತ್ತಿದೆ, ಮನೆಯ ನೆಮ್ಮದಿಗಾಗಿ ಹೇಳುವುದಿಲ್ಲ.

ಅಕ್ಕ ಇಲಕಲ್ ಸೀರೆ ಉಟ್ಟುಕೊಂಡೇ ಊರಿಗೆ ಹೋದಳು. ನಾನು ಸೋಲೊಪ್ಪಲಿಲ್ಲ. ಶಾಸ್ತ್ರ ಶಾಸ್ತ್ರದ ಜಾಗದಲ್ಲಿ, ವ್ಯಾಪಾರ ವ್ಯಾಪಾರದ ಜಾಗದಲ್ಲಿ ಎಂದು ಹೈದರಾಬಾದಿನಿಂದ ಲೇಬಲ್ಲು ಮಾಡಿಸಿ ತರಿಸಿಯೇಬಿಟ್ಟೆ. ಡಬ್ಬಿಗಳಿಗೆ ನನ್ನ ಕೈಯಾರೆ ನನ್ನನ್ನೇ ಅಂಟಿಸಿದೆ. ಅರ್ಧ ಡಬ್ಬಿಗಳಿಗೆ ಅಂಟಿಸುವಷ್ಟರಲ್ಲಿ ಲೇಬಲ್ಲು ಮುಗಿಯಿತು. ಉಳಿದವುಗಳ ಮೇಲೆ ಭುವನೇಶ್ವರಿ ಕೆಂಪು ಬಣ್ಣ, ಬ್ರಷ್ಷು ತಂದು, ಗೋಡೆಗೆ ಚುನಾವಣೆಯ ಹೆಸರು ಬರೆಯುವವರಂತೆ ದಪ್ಪಗೆ 'ತಿಪ್ಪಣ್ಣ' ಎಂದು ಬರೆದಳು.

"ಅವು ಮೂಲ್ಯಾಗ ಕುಂದರ್ತಾವ, ನೋಡ್ತಿರು" ಎಂದೆ.

"ನೋಡೂಣಂತ" ಎಂದಳು.

ಟೆಂಪೊ ಯಾದಗಿರಿಗೆ ಹೋಯಿತು. ತೊಗರಿ ಬಂತು, ಮಿಲ್ಲುಗಳು ಗುರ್‌ಗುಟ್ಟತೊಡಗಿದವು. ಒಂದು ದಿನ ಅಂಬ್ರಪ್ಪನ ಫೋನು ಬಂದಾಗ ನಾನು ಬೇಕೆಂದೇ ಸ್ಪೀಕರ್ ಹಾಕಿ, ಭುವನೇಶ್ವರಿಗೆ ಕೇಳಿಸುವಂತೆ ಹಿಡಿದುಕೊಂಡೆ.

"ಸಾವ್ಕಾರ್ರ, ತಿಪ್ಪಣ್ಣ ಖಾಲಿ ಆಗ್ಯಾನ್ರಿ. ಜಲ್ದಿ ಕಳಸ್ರಿ, ಗಿರಾಕಿ ನಿಂತಾರ."

ಗಂಟಲು ಸರಿಮಾಡಿಕೊಂಡೆ. "ಮತ್ತ ಸಂಜೀವ ಗೋಲ್ಡ್?"

"ಅದು ಅಲ್ಲೇ ಕುಂತದ. ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಫೋಟೋ ನೋಡಿ ಬಂದವ್ರೆಲ್ಲ 'ಪಾಪ, ಯಾವಾಗ ತೀರಿಕೊಂಡ್ರು?' ಅಂತ ಕೇಳ್ತಾರ. ಒಬ್ಬಾಂವ ಕೈನೂ ಮುಗುದ್ನ್ರಿ."

ಭುವನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಪಾತ್ರೆಗಳೂ ನಗುತ್ತಿರುವ ಸದ್ದು ಬಂತು.

"ತಿಪ್ಪಣ್ಣನ್ನ ಯಾಕ ಅಷ್ಟು ತಗೋತಾರ?" ಎಂದು ಕೇಳದೆ ಇರಲು ಆಗಲಿಲ್ಲ.

"ಯಾರ ಮನ್ಯಾಗ ಒಬ್ಬ ತಿಪ್ಪಣ್ಣ ಇಲ್ಲ ಹೇಳ್ರಿ? ನಮ್ಮಜ್ಜನ ಹೆಸರೂ ಅದೇ. ಯಾವುದಕ್ಕೂ ಜಗ್ಗದ ಮನಿಷ್ಯಾ. ಮಿಲ್ಲಿನವ್ರು ಹೆಸರು ಓದಿ ನಗ್ತಾರ, ಅವ್ರಜ್ಜನ್ನ ನೆನಸ್ತಾರ, ಒಂದು ಡಬ್ಬಿ ಒಯ್ತಾರ. ಒಮ್ಮೆ ಒಯ್ದವ್ರು ಮತ್ತ ಬರ್ತಾರ. ಮಾಲ್ ಖರೇನ ಪಕ್ಕಾ ಅದ."

ಆ ಕೊನೆಯ ಮಾತು ಕೇಳಿ ಎದೆ ತಂಪಾಯಿತು. ಮಾರದೆ ಉಳಿದ ಡಬ್ಬಿಗಳನ್ನು ವಾಪಸು ತರಿಸಿ, ಲೇಬಲ್ಲು ಕಿತ್ತುಹಾಕಿ, ಅವುಗಳ ಮೇಲೂ ತಿಪ್ಪಣ್ಣ ಎಂದೇ ಬರೆಸಿದೆವು. ಈಗ ಶೆಡ್ಡಿನಲ್ಲಿ ಎಮ್ಮೆಯಿಲ್ಲ, ಎರಡನೇ ಕಡಾಯಿ ಇದೆ. ಮುನ್ನಿಬೀ 'ನಾ ಕೊಂಡ ಮಗ' ಎಂದು ಎಲ್ಲರ ಮುಂದೆ ಜಂಬ ಕೊಚ್ಚುತ್ತಾಳೆ. ಅಕ್ಕ ಪ್ರತಿ ಹಬ್ಬಕ್ಕೂ ತನ್ನ ಅಳಿಯ ತಿಪ್ಪಣ್ಣನ ಯೋಗಕ್ಷೇಮ ವಿಚಾರಿಸಿ ಸೀರೆಯ ವಿಷಯಕ್ಕೆ ಬರುತ್ತಾಳೆ. ದೇವರಾಣೆಗೂ ನನಗೆ ಸುಖವೇ ಆಗಿದೆ.

ಹೋದದ್ದು ನನ್ನ ಹೆಸರೊಂದೇ. ಡಬ್ಬಿ ಮಾರುವವನೂ ತಿಪ್ಪಣ್ಣನೇ ಎಂದು ಜನ ತೀರ್ಮಾನಿಸಿಬಿಟ್ಟರು. ಬಸ್‌ಸ್ಟ್ಯಾಂಡಿನಲ್ಲಿ "ನಮಸ್ಕಾರ್ರಿ ತಿಪ್ಪಣ್ಣೋರ," ಹೋಟೆಲಿನಲ್ಲಿ "ತಿಪ್ಪಣ್ಣೋರಿಗಿ ಒಂದು ಚಾ." ಯಾದಗಿರಿಯಲ್ಲಿ ಮಿಲ್ಲಿನವರು ಸತ್ಕಾರ ಇಟ್ಟುಕೊಂಡಾಗ ಶಾಲಿಗೆ ತಲೆಬಾಗಿ ನಿಂತ ನನ್ನನ್ನು ಅದೇ ಹೆಸರಿನಿಂದ ಹೊಗಳಿದರು. ತಿದ್ದೋಣವೆಂದು ಮೈಕಿನ ಕಡೆ ಒಂದು ಹೆಜ್ಜೆ ಇಟ್ಟೆ. ಚಪ್ಪಾಳೆ ಜೋರಾಗಿತ್ತು, ಹಾಗೇ ಕೈ ಮುಗಿದೆ.

ಊರಿನವರ ಮಾತು ಇರಲಿ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಾದಂದಿನಿಂದ ನಾನು 'ರೀ' ಮಾತ್ರ. ಮೊನ್ನೆ ಸಂಜೆ ರಸ್ತೆಯ ಆಚೆ ನಾಲ್ಕು ಜನರ ಜೊತೆ ಗಂಭೀರವಾಗಿ ಮಾತನಾಡುತ್ತಿದ್ದೆ. ಮಾಳಿಗೆಯ ಮೇಲಿಂದ ಭುವನೇಶ್ವರಿಯ ಕಂಚಿನ ಕಂಠ ಮೊಳಗಿತು.

"ಏ ತಿಪ್ಪಣ್ಣಾ! ಬರೂವಾಗ ಕೊತ್ತಂಬರಿ ತಗೊಂಡು ಬಾ!"

"ಓ!" ಎಂದೆ. ಎಂದಮೇಲೆ ಮೈಯೆಲ್ಲ ಉರಿಯಿತು. ದಡದಡ ಮನೆಗೆ ಹೋಗಿ ನಿಂತೆ.

"ನಾಚಿಕಿ ಇಲ್ಲೇನು? ನಾಲ್ಕು ಮಂದ್ಯಾಗ ಗಂಡನ್ನ ಹೆಸರು ಹಿಡದು 'ಬಾ' ಅಂತ ಕರೀತಿ?"

ಅವಳು ಒಣಹಾಕಿದ ಬಟ್ಟೆ ಮಡಚುತ್ತಲೇ ಇದ್ದಳು. "ಛೀ, ನಿಮ್ಮ ಹೆಸರು ನಾ ಯಾಕ ಹೇಳ್ಲಿರಿ? ಪಾಪ ಬರ್ತದ. ಅದು ಗ್ರೀಸಿನ ಹೆಸರು. ನಾ ಗ್ರೀಸಿನ್ನ ಕರದೆ."

"ಗ್ರೀಸು ಕೊತ್ತಂಬರಿ ತರ್ತದೇನು?"

"ಹಂಗಾರ ನೀವ್ಯಾಕ 'ಓ' ಅಂದ್ರಿ?"

ಚೀಲ ತೆಗೆದುಕೊಂಡು ಕೊತ್ತಂಬರಿ ತರಲು ಹೋದೆ.