ಎಡಗೈಯಲ್ಲಿ ಉಂಡ ರಾಣಿಯರು

ಡ್ರಾಯಿಂಗ್ ಮೇಷ್ಟ್ರಾಗಿರುವುದರಲ್ಲಿ ಒಂದು ದೊಡ್ಡ ಸುಖವಿದೆ. ಲೆಕ್ಕದ ಮೇಷ್ಟ್ರು ತಪ್ಪು ಮಾಡಿದರೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಹೇಳಿಬಿಡುತ್ತಾಳೆ. ಕನ್ನಡ ಪಂಡಿತರು ಸಂಧಿ ಬಿಡಿಸುವಾಗ ಎಡವಿದರೆ ಹಿಡಿಯಲು ಸ್ಟಾಫ್ ರೂಮಿನಲ್ಲಿ ಇನ್ನೊಬ್ಬ ಪಂಡಿತರು ಕಾದು ಕೂತಿರುತ್ತಾರೆ. ನನ್ನ ಮಾತಿಗೆ ಮಾತ್ರ ಎದುರಿಲ್ಲ. ಕುದುರೆ ಬರೆಯಲು ಹೋಗಿ ಅದು ಕತ್ತೆಯ ಹಾಗೆ ಬಂದರೂ, ಇದರಲ್ಲಿ ಭಾವ ಮುಖ್ಯ ಎಂದರೆ ಸಾಕು, ಇಡೀ ತರಗತಿ ಗಂಭೀರವಾಗಿ ತಲೆಯಾಡಿಸುತ್ತದೆ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ನಾನು ಹೀಗೆ ಎದುರಾಳಿಯಿಲ್ಲದೆ ಬದುಕಿದ್ದೆ. ಆ ಸುಖ ಕೆಟ್ಟದ್ದು ಮನೆಯಲ್ಲಿ, ಅದೂ ಒಂದು ಪುಸ್ತಕದಿಂದ.

ಅರವತ್ತರ ದಶಕದ ಮಾತು. ಉತ್ತರದ ದೊಡ್ಡ ಊರೊಂದರ ಮ್ಯೂಸಿಯಂ ತನ್ನಲ್ಲಿರುವ ಹಳೆಯ ಚಿತ್ರಗಳನ್ನು ಬಣ್ಣದಲ್ಲಿ ಅಚ್ಚು ಹಾಕಿ ಪುಸ್ತಕ ಮಾಡುತ್ತದೆಂದು ತಿಳಿದು, ಹೆಡ್ಮಾಸ್ಟರ ಬೆನ್ನು ಬಿದ್ದು ಸ್ಕೂಲಿಗೆ ಒಂದನ್ನು ತರಿಸಿದೆ. ಊಟದ ಮಣೆಯಷ್ಟು ಅಗಲದ ಪುಸ್ತಕ. ಒಂದೊಂದು ಚಿತ್ರದ ಮೇಲೂ ಎಣ್ಣೆ ಕಾಗದದಂಥ ತೆಳು ಹಾಳೆ. ಹೆಡ್ಮಾಸ್ಟರು ಎರಡು ಪುಟ ತಿರುವಿದರು, ಮೂರನೆಯದರಲ್ಲಿ ಹೊಳೆಯಲ್ಲಿ ಸ್ನಾನ ಮಾಡುವ ಹೆಂಗಸರನ್ನು ಕಂಡು ಫಟ್ಟನೆ ಮುಚ್ಚಿದರು. ಇದು ಲೈಬ್ರರಿಯಲ್ಲಿ ಬೇಡ, ನಿಮ್ಮ ಹತ್ತಿರವೇ ಇರಲಿ ಎಂದರು. ಹೀಗೆ ಅದು ನಮ್ಮ ಮನೆಗೆ ಬಂತು.

ನನ್ನ ಹೆಂಡತಿ ಮಹದೇವಮ್ಮ ಮಧುವನಹಳ್ಳಿಯ ಬೇಸಾಯಗಾರರ ಮನೆಯವಳು. ಓದಿದ್ದು ನಾಲ್ಕನೇ ಕ್ಲಾಸು. ಅವಳಿಗೆ ಕಲೆಯ ರುಚಿ ಹತ್ತಿಸಬೇಕೆಂದು ನಾನು ದಿನಕ್ಕೊಂದು ಚಿತ್ರ ತೆಗೆದು ರೇಖೆ, ಲಯ, ವರ್ಣಸಾಮರಸ್ಯ ಎಂದೆಲ್ಲ ವಿವರಿಸುತ್ತಿದ್ದೆ. ಅವಳು ಹೂಂಗುಟ್ಟುತ್ತಿದ್ದಳು. ರಾಣಿಯರ ಭೋಜನದ ಚಿತ್ರವೊಂದು ನನಗೆ ಪಂಚಪ್ರಾಣ. ಅದರ ಮೇಲೆ ಸ್ಕೂಲಿನಲ್ಲಿ ಎರಡು ಸಲ, ಮನೆಯಲ್ಲಿ ಮೂರು ಸಲ ಭಾಷಣ ಆಗಿತ್ತು. ಮನೆಯ ನಾಲ್ಕನೆಯದು ಒಂದು ಭಾನುವಾರ ಬೆಳಿಗ್ಗೆ. ಮಹದೇವಮ್ಮ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತ, ಮಗಳು ಶೀಲಾಳ ತಲೆಯ ಮೇಲಿಂದ ಚಿತ್ರ ನೋಡುತ್ತಿದ್ದವಳು, “ಇವ್ರೆಲ್ಲ ಯಾಕ್ರೀ ಎಡಗೈಲಿ ಉಣ್ತಾವ್ರೆ?” ಎಂದಳು.

ನೋಡಿದೆ. ಒಂಬತ್ತು ಜನ ರಾಣಿಯರೂ ಎಡಗೈಯಲ್ಲೇ ತುತ್ತು ಎತ್ತಿದ್ದರು. ಅದು ಕಲಾವಿದನ ಸ್ವಾತಂತ್ರ್ಯ ಎಂದೆ. ಅವಳು ಒಪ್ಪಲಿಲ್ಲ. ಉತ್ತರದ ಕಡೆ ಅರಮನೆಗಳಲ್ಲಿ ಅಂಥ ಪದ್ಧತಿ ಇದ್ದಿರಬಹುದು ಎಂದೆ. ಬಡಿಸುವವಳೂ ಎಡಗೈಯಲ್ಲೇ ಬಡಿಸುತ್ತಿದ್ದಾಳೆ, ಅಂಥ ಮನೆಯಲ್ಲಿ ಯಾರು ತಾನೇ ಊಟಕ್ಕೆ ಕೂರುತ್ತಾರೆ ಎಂದು ಅವಳ ಪ್ರಶ್ನೆ. ಆಮೇಲೆ ಮೊರ ಕೆಳಗಿಟ್ಟು ಒಳಗೆ ಹೋಗಿ, ನಾನು ಗಡ್ಡ ಹೆರೆಯುವ ಕನ್ನಡಿ ತಂದು ಪುಟದ ಪಕ್ಕಕ್ಕೆ ನಿಲ್ಲಿಸಿದಳು. ಕನ್ನಡಿಯೊಳಗೆ ರಾಣಿಯರೆಲ್ಲ ಬಲಗೈಯಲ್ಲಿ ಲಕ್ಷಣವಾಗಿ ಉಣ್ಣುತ್ತಿದ್ದರು.

“ಅಚ್ಚಾಕ್ದೋರು ಮಗುಚಿ ಆಕ್ಬುಟ್ಟವ್ರೆ ಕಣ್ರಿ. ಪಾಪ, ಅವ್ರಿಗೆ ಗೊತ್ತಿಲ್ವೇನೋ, ಒಂದ್ ಕಾಗ್ದ ಬರೀರಿ,” ಎಂದು ಮತ್ತೆ ಮೊರ ಎತ್ತಿಕೊಂಡಳು.

ಬರೆದೆ. ನನ್ನ ಹೆಂಡತಿ ಇದನ್ನು ಕಂಡುಹಿಡಿದಳು ಎಂದೇ ಮೊದಲು ಬರೆದದ್ದು. ಓದಿಕೊಂಡಾಗ, ಅಷ್ಟು ದೊಡ್ಡ ಮ್ಯೂಸಿಯಮ್ಮಿಗೆ ಬರೆಯುವಾಗ ಹೆಂಡತಿ, ಅಕ್ಕಿ, ಮೊರ ಎಲ್ಲ ಬಂದರೆ ಕಾಗದದ ತೂಕ ಕಡಿಮೆಯಾಗುತ್ತದೆ ಅನ್ನಿಸಿತು. ಇಂಗ್ಲಿಷಿನಲ್ಲಿ ‘ನಾನು’ ಅನ್ನುವುದಕ್ಕೆ ಒಂದೇ ಅಕ್ಷರ ಸಾಕು. ‘ನನ್ನ ಹೆಂಡತಿ’ ಎಂಬುದನ್ನು ಹೊಡೆದುಹಾಕಿ ಆ ಜಾಗದಲ್ಲಿ ಒಂದು ಗೀಟು ಎಳೆದೆ, ಕೆಲಸ ಮುಗಿಯಿತು.

ಎರಡು ತಿಂಗಳಿಗೆ ಉತ್ತರ ಬಂತು, ಜೊತೆಗೊಂದು ಪಾರ್ಸೆಲ್. ಅಚ್ಚಿನ ಬ್ಲಾಕು ತಿರುಗುಮುರುಗಾಗಿದ್ದು ನಿಜ, ಇಷ್ಟು ಜನ ನೋಡಿದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ತಮ್ಮಂಥ ವಿದ್ವಾಂಸರ ಸೂಕ್ಷ್ಮದೃಷ್ಟಿಗೆ ನಾವು ಋಣಿಗಳು ಎಂದು ಬರೆದಿದ್ದರು. ಕೃತಜ್ಞತೆಗಾಗಿ ಮಕ್ಕಳಿಗೆಂದು ಹೊಸದಾಗಿ ಮಾಡಿದ ಮೂರು ಚಿತ್ರಪುಸ್ತಕ ಕಳಿಸಿದ್ದರು. ಹಳೆಯ ಚಿತ್ರಗಳೊಳಗಿನ ಆನೆ, ಗಿಳಿ, ಜಿಂಕೆಗಳನ್ನಷ್ಟೇ ಬಿಡಿಸಿ ತೆಗೆದು, ಪುಟಕ್ಕೊಂದು ಸಾಲಿನ ಇಂಗ್ಲಿಷ್ ಕಥೆ ಹೆಣೆದಿದ್ದರು. ತಾಯಿಗೂ ಮಗಳಿಗೂ ಇಂಗ್ಲಿಷ್ ಬಾರದ್ದರಿಂದ ಕಥೆಗೆ ಯಾವ ಅಡ್ಡಿಯೂ ಆಗಲಿಲ್ಲ. ಮಹದೇವಮ್ಮನ ಬಾಯಲ್ಲಿ ಒಂದೇ ಆನೆ ಒಂದು ದಿನ ಹನೂರಿನ ಸಂತೆಗೆ ಹೋಗುತ್ತಿತ್ತು, ಮರುದಿನ ಯಳಂದೂರಿನ ಅಜ್ಜಿಯ ಮನೆಗೆ. ಆನೆ ಇವತ್ತು ಎಲ್ಲಿಗೆ ಹೋಯಿತೆಂದು ಕೇಳಲು ಬೀದಿಯ ಮಕ್ಕಳೆಲ್ಲ ನಮ್ಮ ಜಗುಲಿಗೆ ಬರತೊಡಗಿದರು.

ಕಾಗದ ನನ್ನ ಜೇಬಿನಲ್ಲಿತ್ತು. ಸ್ಟಾಫ್ ರೂಮಿನಲ್ಲಿ ನಾಲ್ಕು ಸಲ ಓದಿದ್ದಾಗಿತ್ತು. ಹೆಡ್ಮಾಸ್ಟರಂತೂ ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿ ಹೊಗಳಿದರು. ಆ ಸಂಜೆ ಮಹದೇವಮ್ಮ, “ನನ್ ಇಸ್ಯ ಏನ್ ಬರ್ದವ್ರೆ?” ಎಂದು ಕೇಳಿದಳು. ನಿನಗೂ ಥ್ಯಾಂಕ್ಸ್ ಹೇಳಿದ್ದಾರೆ ಎಂದೆ. ಎಲ್ಲಿ ಎಂದಳು. ಕಾಗದದ ಕೆಳಗೆ ಸಣ್ಣದಾಗಿ ಅಚ್ಚಾಗಿದ್ದ ಮ್ಯೂಸಿಯಮ್ಮಿನ ವಿಳಾಸ ತೋರಿಸಿದೆ. ಅವಳು ಕೈ ಒರೆಸಿಕೊಂಡು ಆ ಸಾಲಿನ ಮೇಲೆ ಬೆರಳಾಡಿಸಿದಳು. ಮರುದಿನ ಪಕ್ಕದ ಮನೆಯವರನ್ನು ಕರೆದು ಅದನ್ನೇ ತೋರಿಸಿದಳು. ಆಮೇಲೆ ಒಂದು ವಾರ ನನಗೆ ಊಟ ಸರಿಯಾಗಿ ಸೇರಲಿಲ್ಲ.

ಅಷ್ಟರಲ್ಲಿ ಸುದ್ದಿ ಹನೂರಿಗೂ ಮುಟ್ಟಿ, ಅಲ್ಲಿನ ಸ್ಕೂಲಿನವರು ಚಿತ್ರಗಳನ್ನು ನೋಡುವ ಬಗೆ ಹೇಗೆ ಎಂದು ಭಾಷಣ ಮಾಡಲು ಕರೆದರು. ದಾರಿಯಲ್ಲೇ ತವರೂರು ಸಿಗುತ್ತದಲ್ಲ, ತಾನೂ ಬರುತ್ತೇನೆಂದು ಮಹದೇವಮ್ಮ ಹೊರಟಳು. ಸಭೆಯ ಕೊನೆಯ ಸಾಲಿನಲ್ಲಿ ಶೀಲಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬರೆದು ತಂದಿದ್ದ ಭಾಷಣದ ಹಾಳೆ ಮಡಿಸಿಟ್ಟು ಹೇಳಿಬಿಟ್ಟೆ.

“ಈ ತಪ್ಪು ಕಂಡವನು ನಾನಲ್ಲ, ನನ್ನ ಹೆಂಡತಿ. ಅಲ್ಲಿ ಹಿಂದೆ ಕೂತಿದ್ದಾಳೆ. ಕಾಗದದಲ್ಲಿ ಅವಳ ಹೆಸರು ಬಿಟ್ಟು ನಾನೇ ಕಂಡೆ ಅಂತ ಬರೆದೆ. ಅವರು ಬರೆದ ಉತ್ತರದಲ್ಲೂ ಅವಳ ಸುದ್ದಿ ಇಲ್ಲ. ಇದೆ ಅಂತ ಅವಳಿಗೆ ಸುಳ್ಳು ಹೇಳಿದ್ದೆ.”

ಅಲ್ಲಿನ ಹೆಡ್ಮಾಸ್ಟರು ಎದ್ದು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. ವಿದ್ವತ್ತು ಎಷ್ಟೋ ಜನರಲ್ಲಿ ಇರುತ್ತದೆ, ಆದರೆ ತನ್ನ ಕೀರ್ತಿಯನ್ನು ಹೀಗೆ ತುಂಬಿದ ಸಭೆಯಲ್ಲಿ ಹೆಂಡತಿಯ ಮಡಿಲಿಗೆ ಹಾಕುವ ವಿನಯವನ್ನು ತಾವು ಇವತ್ತೇ ಕಂಡದ್ದು ಎಂದರು. ಸಭೆ ಎರಡು ನಿಮಿಷ ಚಪ್ಪಾಳೆ ತಟ್ಟಿತು. ಅಲ್ಲ ಸ್ವಾಮಿ, ನಿಜವಾಗಿಯೂ ಅವಳೇ ಎಂದು ನಾನು ಹೇಳಹೋದಷ್ಟೂ ಚಪ್ಪಾಳೆ ಜೋರಾಯಿತು. ಕೊರಳಿಗೆ ಹಾರ ಬಿತ್ತು.

ವಾಪಸು ಬಸ್ಸಿನಲ್ಲಿ ಮಹದೇವಮ್ಮ ಮಧುವನಹಳ್ಳಿ ಬಂದರೂ ತವರಿನಲ್ಲಿ ಇಳಿಯಲಿಲ್ಲ. ಊರು ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ, “ನಿಜ ಏಳುದ್ರಿ, ಒಳ್ಳೇದು. ಅದುಕ್ಕೂ ಆರ ನಿಮ್ಗೇ ಬಿತ್ತು,” ಎಂದಳು.

ಮರುದಿನವೇ ಮ್ಯೂಸಿಯಮ್ಮಿಗೆ ಎರಡನೆಯ ಕಾಗದ ಬರೆದೆ. ಈ ಸಲ ಏನೂ ಬಿಡಲಿಲ್ಲ, ಮೊರವನ್ನೂ ಬಿಡಲಿಲ್ಲ. ತಪ್ಪು ಕಂಡವರು ಶ್ರೀಮತಿ ಮಹದೇವಮ್ಮನವರು ಎಂದು ಅವಳ ಹೆಸರಿಗೆ ಅಡಿಗೆರೆ ಎಳೆದು, ಅವಳಿಗೆ ತೋರಿಸಿ, ನಾನೇ ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದೆ. ಸುಳ್ಳು ಬರೆದ ಕಾಗದಕ್ಕೆ ಎರಡು ತಿಂಗಳಿಗೆ ಉತ್ತರ ಬಂದಿತ್ತು, ಮೂರು ಪುಸ್ತಕ ಬಂದಿತ್ತು. ನಿಜ ಬರೆದ ಕಾಗದಕ್ಕೆ ವರ್ಷಗಟ್ಟಲೆ ಕಳೆದರೂ ಒಂದು ಕಾರ್ಡೂ ಬಂದಿಲ್ಲ. ಪೋಸ್ಟಿನವನು ನಮ್ಮ ಮನೆ ದಾಟಿ ಮುಂದೆ ಹೋದಾಗಲೆಲ್ಲ ಮಹದೇವಮ್ಮ ಬಾಗಿಲಿನಿಂದ ಒಳಗೆ ಬಂದು ನನ್ನ ಮುಖ ನೋಡುತ್ತಾಳೆ. ಆ ಕಾಗದವನ್ನು ನಾನು ಪೆಟ್ಟಿಗೆಗೆ ಹಾಕಿದ್ದು ನಿಜ ಎಂದು ಅವಳನ್ನು ನಂಬಿಸುವ ಬಗೆ ಮಾತ್ರ ನನಗೆ ಇವತ್ತಿಗೂ ಹೊಳೆದಿಲ್ಲ.