ಪಂಚರ್ ಬ್ಯಾಗಿನ ಸೋದರಮಾವ

ಇನ್ನು ಈ ಜನ್ಮದಲ್ಲಿ ಬೈಕ್ ತಳ್ಳುವುದಿಲ್ಲ ಎಂದು ಜಯಪ್ರಕಾಶ್ ಶಪಥ ಮಾಡಿದ್ದು ಕೊಪ್ಪದ ರಸ್ತೆಯಲ್ಲಿ, ನಡು ಮಧ್ಯಾಹ್ನ, ಎರಡೂ ಬದಿಯ ಕಬ್ಬಿನ ಗದ್ದೆಗಳ ಸಾಕ್ಷಿಯಾಗಿ. ಅನಾಹುತಕ್ಕೆ ಮೊದಲೇ ತಯಾರಾಗಿರಿ ಎಂದು ಮಂಡ್ಯ ಜಿಲ್ಲೆಗೆಲ್ಲ ಬುದ್ಧಿ ಹೇಳಿ ಹೊಟ್ಟೆ ಹೊರೆಯುವ ವಿಮಾ ಏಜೆಂಟ್ ಅವನು. ಅಂಥವನು ಪಂಚರಾದ ಬೈಕನ್ನು ಏದುಸಿರು ಬಿಡುತ್ತ ತಳ್ಳುತ್ತಿದ್ದಾಗ, ಅವನಿಂದಲೇ ಪಾಲಿಸಿ ಮಾಡಿಸಿದ್ದ ಮೇಷ್ಟರೊಬ್ಬರು ಬಸ್ಸಿನ ಕಿಟಕಿಯಿಂದ ಕೈಬೀಸಿ ನಕ್ಕರು. ಆ ನಗು ಟೈರಿಗೆ ಚುಚ್ಚಿದ್ದ ಮೊಳೆಗಿಂತ ಆಳಕ್ಕೆ ಇಳಿಯಿತು.

ವಾರದೊಳಗೆ ಮನೆಗೆ ಪಂಚರ್ ಸಾಮಾನು ಬಂತು. ಟ್ಯೂಬ್‌ಲೆಸ್ ಟೈರಿನ ತೂತಿಗೆ ತುರುಕುವ ರಬ್ಬರ್ ಬತ್ತಿ, ತೂತನ್ನು ಉಜ್ಜುವ ಅರದಂಥ ಕಡ್ಡಿ, ಬತ್ತಿ ಪೋಣಿಸಲು ದಬ್ಬಳ, ಅಂಟು, ಕಾಲಲ್ಲಿ ತುಳಿಯುವ ಪಂಪು, ಸಾಲದ್ದಕ್ಕೆ ಹಣೆಗೆ ಕಟ್ಟಿಕೊಳ್ಳುವ ಟಾರ್ಚು. ಊಟಕ್ಕೆ ಕೂತರೂ ಮೊಬೈಲಿನಲ್ಲಿ ಪಂಚರ್ ಹಾಕುವ ವಿಡಿಯೊ. ಹೆಂಡತಿ ರೂಪ ಮುದ್ದೆ ಬಡಿಸಿದರೆ, ಅದಕ್ಕೆ ಬೆರಳು ತೂರಿಸಿ ಬತ್ತಿಯನ್ನು ಎಷ್ಟು ಆಳಕ್ಕೆ ನೂಕಬೇಕೆಂದು ತೋರಿಸುತ್ತಿದ್ದ. ಅವಳು ತನ್ನ ತಟ್ಟೆಯನ್ನು ದೂರ ಎಳೆದುಕೊಳ್ಳುತ್ತಿದ್ದಳು.

ಆದರೆ ಪಂಚರ್ ಆಗಬೇಕಲ್ಲ! ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಟೈರಿಗೆ ಒಂದು ಜಾಲಿ ಮುಳ್ಳೂ ಚುಚ್ಚಲಿಲ್ಲ. ವೆಲ್ಡಿಂಗ್ ಅಂಗಡಿಗಳ ಸಾಲಿನ ಮುಂದೆ ಬೇಕೆಂದೇ ಬೈಕ್ ಓಡಿಸಿದರೂ ಗಾಳಿ ಕಲ್ಲಿನಂತೆ ನಿಂತಿತ್ತು. ಜಯಪ್ರಕಾಶ್ ಒಳಗೊಳಗೇ ಸೊರಗಿದ.

ಅಷ್ಟರಲ್ಲಿ ತಂಗಿ ರಂಜಿತಳ ಮಗುವಿಗೆ ಮುತ್ತತ್ತಿ ಆಂಜನೇಯನ ಸನ್ನಿಧಿಯಲ್ಲಿ ಮುಡಿ ತೆಗೆಸುವ ದಿನ ಬಂತು. ಮೊದಲ ಕೂದಲು ಕತ್ತರಿಸಬೇಕಾದವನು ಸೋದರಮಾವ, ಅಂದರೆ ಜಯಪ್ರಕಾಶ್. ಮದ್ದೂರಿನಿಂದ ನೆಂಟರೆಲ್ಲ ಟೆಂಪೊದಲ್ಲಿ ಹೊರಟರು. ನೀವೂ ಇದರಲ್ಲೇ ಬನ್ನಿ ಎಂದು ತಾಯಿ ಯಶೋದಮ್ಮ ಹಿಂದಿನ ದಿನವೇ ಫೋನಿನಲ್ಲಿ ಹೇಳಿ ಹೇಳಿ ಸೋತಿದ್ದರು. ಇವನು ಟ್ಯಾಂಕಿನ ಮೇಲೆ ಪಂಚರ್ ಬ್ಯಾಗ್ ಕಟ್ಟಿ, ತೆಂಗಿನಕಾಯಿ, ಬಾಳೆಹಣ್ಣು, ಮಗುವಿನ ಹೊಸ ಬಟ್ಟೆಯ ತಟ್ಟೆಯನ್ನು ರೂಪಳ ತೊಡೆಗೆ ಹೊರಿಸಿ, ಮಂಡ್ಯದಿಂದ ಬೈಕಿನಲ್ಲೇ ಹೊರಟ.

ಮಳವಳ್ಳಿ, ಹಲಗೂರು ದಾಟಿ ಕಾಡಿನ ರಸ್ತೆಗೆ ಇಳಿದಾಗ, ಗಾಳಿ ಇಳಿದ ಬೈಕಿನ ಪಕ್ಕ ಒಬ್ಬ ನಿಂತಿದ್ದ. ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಜಯಪ್ರಕಾಶನ ಕಣ್ಣು ಅರಳಿತು. ನಿಲ್ಲಿಸಬೇಡಿ ಎಂದು ರೂಪ ಬೆನ್ನು ತಿವಿದಳು. ಅವನು ಆಗಲೇ ಬ್ರೇಕ್ ಒತ್ತಿ ಬ್ಯಾಗ್ ಬಿಚ್ಚುತ್ತಿದ್ದ.

"ಬುಡಿ ಸಾ, ನಮ್ ಬಾಮೈದ ಬ್ಯಾರೆ ಗಾಡಿ ತತ್ತಾವ್ನೆ," ಎಂದ ಆತ. ಹೆಸರು ಕೆಂಪಸಿದ್ದಯ್ಯ ಅಂತೆ.

"ಅಲ್ಲೀಗಂಟ ಯಾಕ್ ಕಾಯ್ತೀರಿ? ಚಿಟಿಕೆ ಹೊಡೆಯೋದ್ರಲ್ಲಿ ಆಯ್ತದೆ."

ಜಯಪ್ರಕಾಶ್ ಮೊಳೆ ಕಿತ್ತ. ಉಳಿದಿದ್ದ ಚೂರುಪಾರು ಗಾಳಿಯೂ ಹೋಯಿತು. ವಿಡಿಯೊದಲ್ಲಿ ನೋಡಿದಂತೆ ಕಡ್ಡಿ ತೂರಿಸಿ ಉಜ್ಜಿದ. ತೂತು ದೊಡ್ಡದಾಯಿತು. ಬತ್ತಿ ತುರುಕಿ ಪಂಪು ತುಳಿದರೆ ಅದು ನಾಲಿಗೆ ಚಾಚಿದಂತೆ ಹೊರಬಂತು. ಮತ್ತೆ ಉಜ್ಜಿದ. ಎರಡು ಬತ್ತಿ ಹೊಸೆದು ತುರುಕಿದ, ಆಮೇಲೆ ಮೂರು. ಅಂಗಿ, ಮುಖ, ಮೊಣಕೈವರೆಗೆ ಮಸಿ, ಗ್ರೀಸು. ಈ ನಡುವೆ ಬಾಮೈದ ನಿಜವಾಗಿಯೂ ಇನ್ನೊಂದು ಬೈಕ್ ತಂದ. ಕೆಲಸ ಮುಗಿದೇ ಹೋಯಿತು, ನೀವು ಹೊರಡಿ ಎಂದು ಜಯಪ್ರಕಾಶ್ ಅವನನ್ನು ವಾಪಸ್ ಕಳಿಸಿಬಿಟ್ಟ. ಕೆಂಪಸಿದ್ದಯ್ಯ ದಾಕ್ಷಿಣ್ಯಕ್ಕೆ ತಲೆಯಾಡಿಸಿದ. ಬಾಮೈದನ ಬೈಕಿನ ಸದ್ದು ಅಡಗುವುದಕ್ಕೂ, ಬತ್ತಿಗಳ ಗಂಟು ಪಟಾಕಿಯಂತೆ ಸಿಡಿದು ರೂಪಳ ತಟ್ಟೆಯ ಬಾಳೆಹಣ್ಣಿಗೆ ಬಡಿಯುವುದಕ್ಕೂ ಸರಿಹೋಯಿತು.

ರೂಪ ಗಂಡನ ಕಡೆ ನೋಡಲಿಲ್ಲ. ಎಲ್ಲಿಗೆ ಹೊರಟಿದ್ದಿರಿ ಎಂದು ಕೆಂಪಸಿದ್ದಯ್ಯನನ್ನು ಕೇಳಿದಳು.

"ಮುತ್ತತ್ತಿಗೆ ಕಣಮ್ಮ. ಮದ್ದೂರೋರ್ದು ಒಂದು ಮುಡಿ ಐತೆ, ನಾನೇ ತಗೀಬೇಕು. ಆತ್ರ ಏನಿಲ್ಲ ಬುಡಿ, ಮಗೀನ್ ಸೋದರಮಾವನೂ ಇನ್ನೂ ಬಂದಿಲ್ವಂತೆ."

ರೂಪ ತಟ್ಟೆಯನ್ನು ಮೆಲ್ಲಗೆ ಸೀಟಿನ ಮೇಲಿಟ್ಟಳು.

"ಆ ಸೋದರಮಾವನೇ ಕಣಪ್ಪ, ನಿಮ್ ಟೈರಿನ್ ಮುಂದೆ ಕುಂತಿರೋದು."

ಆಮೇಲೆ ಆಗಬೇಕಾದ್ದು ಆಯಿತು. ಜಯಪ್ರಕಾಶನ ಒಂದೇ ಬೈಕಿನಲ್ಲಿ ಮೂರು ಜನ, ತಟ್ಟೆ, ಪೆಟ್ಟಿಗೆ, ಬ್ಯಾಗು. ಇಳಿಜಾರಿನ ಎರಡನೇ ತಿರುವಿನಲ್ಲೇ ಹಿಂದಿನ ಟೈರು ಉಸ್ಸೆಂದು ಕುಸಿಯಿತು. ಇಷ್ಟು ಕಾಲ ಕಾದ ಸ್ವಂತ ಪಂಚರ್! ಜಯಪ್ರಕಾಶ್ ಬ್ಯಾಗಿಗೆ ಕೈಹಾಕಿದ. ಬತ್ತಿಗಳೆಲ್ಲ ಕೆಂಪಸಿದ್ದಯ್ಯನ ಟೈರಿಗೆ ಸಂದಿದ್ದವು. ಮೇಲಿನ ರಸ್ತೆಯಲ್ಲಿದ್ದ ಫೋನ್ ಸಿಗ್ನಲ್ಲೂ ಈ ಇಳಿಜಾರಿನಲ್ಲಿ ಇರಲಿಲ್ಲ.

ಪ್ರವಾಸಕ್ಕೆ ಹೊರಟಿದ್ದ ವ್ಯಾನೊಂದು ನಿಂತಿತು, ಇಬ್ಬರಿಗಷ್ಟೇ ಜಾಗ. ರೂಪಳನ್ನು ಆನೆ ಓಡಾಡುವ ಕಾಡಿನಲ್ಲಿ ಬಿಟ್ಟು ಹೋಗುವಂತಿಲ್ಲ. ಮುಡಿ ತೆಗೆಯುವವರಂತೂ ಹೋಗಲೇಬೇಕು. ಇಬ್ಬರೂ ಹತ್ತಿದರು. ಬ್ಯಾಗನ್ನಾದರೂ ತೆಗೆದುಕೊಂಡು ಹೋಗು ಎಂದು ಅವನು ಗೋಗರೆದ.

"ಬ್ಯಾಡ," ಎಂದಳು ರೂಪ ಬಾಗಿಲು ಎಳೆದುಕೊಳ್ಳುತ್ತ. "ದಾರೀಲಿ ಪಂಚರಾದ್ರೆ ಬೇಕಾಯ್ತದೆ."

ಜಯಪ್ರಕಾಶ್ ತಳ್ಳಿದ. ಕಾವೇರಿಯ ದಂಡೆ ಕಾಣುವವರೆಗೂ ತಳ್ಳಿದ. ಅಲ್ಲಿ ನೆಂಟರೆಲ್ಲ ಹಸಿದು ಹಣ್ಣಾಗಿ ಮರದ ನೆರಳಿಗೆ ಬಿದ್ದುಕೊಂಡಿದ್ದರು. ಸೋದರಮಾವ ಬರುವ ತನಕ ಮಗುವಿನ ತಲೆಗೆ ಯಾರೂ ಕೈಹಾಕಕೂಡದು ಎಂದು ಯಶೋದಮ್ಮ ಅಪ್ಪಣೆ ಮಾಡಿದ್ದರು. ವಿವರಣೆ ಕೊಡಲು ಹೊರಟವನ ಕೈಗೆ ಅವರು ಕತ್ತರಿ ತುರುಕಿದರು. ತಳ್ಳಿ ತಳ್ಳಿ ತೋಳು ನಡುಗುತ್ತಿದ್ದುದರಿಂದ, ಮಗುವಿನ ಕೆನ್ನೆಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದು ಅವನು ಒಂದೆಳೆ ಕತ್ತರಿಸಿದ. ಉಳಿದದ್ದನ್ನು ಕೆಂಪಸಿದ್ದಯ್ಯ ನುಣ್ಣಗೆ ಮುಗಿಸಿದ.

ಹೊಳೆಯಲ್ಲಿ ಸೋಪು ಹಚ್ಚಿ ಸ್ನಾನ ಮಾಡಿಸಿ ತಂದರೂ ಮಗುವಿನ ಕೆನ್ನೆಯ ಮೇಲೆ ಐದು ಕರಿ ಬೆರಳು ಹಾಗೆಯೇ ಇದ್ದವು. ಫೋಟೊ ಹಾಳಾಯಿತೆಂದು ರಂಜಿತ ಅಳುವಂತಾದಳು. ಯಶೋದಮ್ಮ ಮೊಮ್ಮಗನ ಕೆನ್ನೆ ನೋಡಿದರು, ಮಗನ ಕೈ ನೋಡಿದರು. ಆಮೇಲೆ ಆಗಷ್ಟೇ ತೆರೆದಿದ್ದ ಕಾಡಿಗೆ ಡಬ್ಬಿಯನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡರು.

"ಅಳಬ್ಯಾಡ ಬುಡವ್ವ. ದೃಷ್ಟಿ ಬೊಟ್ಟು ಇಕ್ಕೋ ಕೆಲ್ಸಾನೂ ಅವರ ಮಾವನೇ ಮುಗಿಸವ್ನೆ."