ಮಾವನ ಮುಖವೀಣೆಗೊಂದು ಸ್ಟ್ಯಾಂಡು

ಊದುವ ವಿಷಯದಲ್ಲಿ ನಾನು ಹುಟ್ಟಾ ದರಿದ್ರ. ಬಿಸಿ ಚಹಾ ಒಂದನ್ನು ಬಿಟ್ಟರೆ ಬೇರೇನನ್ನೂ ಊದಿ ಜಯಿಸಿದವನಲ್ಲ. ಮಗಳು ಚಿಕ್ಕವಳಿದ್ದಾಗ ಅವಳ ಹುಟ್ಟುಹಬ್ಬಕ್ಕೆ ಬಲೂನು ಊದಲು ಹೋಗಿ ಕಣ್ಣು ಕತ್ತಲೆ ಬಂದು ಸೋಫಾದ ಮೇಲೆ ಒರಗಿದ್ದೆ. ಬಂದ ಮಕ್ಕಳೆಲ್ಲ ಕೇಕು ಬಿಟ್ಟು ನನ್ನನ್ನೇ ನೋಡುತ್ತಿದ್ದವು. ಆದರೆ ಒಂದು ಮಾತು ಉಂಟು ನೋಡಿ: ನುಡಿಸಲು ಬಾರದವನಿಗೇ ವಾದ್ಯವನ್ನು ಚಂದವಾಗಿ ಇಡುವ ಚಪಲ ಹೆಚ್ಚು. ಓದುವವರ ಮನೆಯಲ್ಲಿ ಪುಸ್ತಕ ಮಂಚದ ಕೆಳಗೆ, ದಿಂಬಿನ ಅಡಿಯಲ್ಲಿ, ಅಕ್ಕಿ ಡಬ್ಬದ ಮೇಲೆ ಬಿದ್ದಿರುತ್ತದೆ. ಓದದವರ ಮನೆಯಲ್ಲಿ ಅದಕ್ಕೆ ಗಾಜಿನ ಬಾಗಿಲಿನ ಕಪಾಟು. ನಾನು ಎರಡನೆಯ ಜಾತಿಯವನು.

ನಮ್ಮ ಮಾವ, ಅಂದರೆ ನನ್ನ ಹೆಂಡತಿ ಶಾರದೆಯ ಅಪ್ಪ, ಊದುವುದರಲ್ಲಿ ನನಗೆ ತದ್ವಿರುದ್ಧ. ಅವರ ತಂದೆ ಉಡುಪಿ ಕಡೆಯ ಒಂದು ದೇವಸ್ಥಾನದಲ್ಲಿ ಮುಖವೀಣೆ ನುಡಿಸುತ್ತಿದ್ದರು. ಮಾವ ಹೊಟ್ಟೆಪಾಡಿಗೆ ಮುಂಬಯಿ ಹತ್ತಿರದ ಕಲ್ಯಾಣಕ್ಕೆ ಬಂದು ಹೋಟೆಲಿನ ಗಲ್ಲೆಯಲ್ಲಿ ದುಡ್ಡೆಣಿಸುತ್ತ ಕೂತರೂ ವಾದ್ಯ ಬಿಡಲಿಲ್ಲ. ಡೊಂಬಿವಿಲಿಯಲ್ಲಿ ನಮ್ಮ ಕಡೆಯವರ ಮದುವೆ ಎಂದರೆ ಮಾವನ ಮುಖವೀಣೆ ಇರಲೇಬೇಕು. ನೋಡಲು ಮೊಳದುದ್ದವೂ ಇಲ್ಲದ, ಮಕ್ಕಳ ಪೀಪಿಯಂಥ ವಾದ್ಯ. ಊದಿದರೆ ಮಾತ್ರ ಬ್ಯಾಂಡಿನವರೂ ಬಾಯಿ ಮುಚ್ಚಿ ಕೂರಬೇಕು. ಹಾಗಿದ್ದವರ ಮುಂದಿನ ಹಲ್ಲುಗಳು ಒಂದೊಂದಾಗಿ ಉದುರಿದವು. ತುಟಿಗೆ ಆಧಾರವಿಲ್ಲದೆ ವಾದ್ಯದ ತುದಿಗೆ ಸಿಕ್ಕಿಸುವ ಪೀಪಿಯನ್ನು ಹಿಡಿಯಲಾಗದು. ಸಾನಪಾಡಾದ ಮಗನ ಮನೆಯಲ್ಲಿ ಅವರು ಮಾತೂ ಕಡಿಮೆ ಮಾಡಿಬಿಟ್ಟರು. ಊಟಕ್ಕೆ ಕರೆದರೆ ಬಂದರು, ಟೀವಿ ಹಾಕಿದರೆ ನೋಡಿದರು, ಅಷ್ಟೆ. ಶಾರದೆ ಅಲ್ಲಿಗೆ ಹೋಗಿ ಬಂದಾಗಲೆಲ್ಲ ಒಂದು ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ದಿನ ಮಾವ ತಮ್ಮ ಮುಖವೀಣೆ ಮತ್ತು ಎರಡು ಕೊಳಲುಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಂದು ನಮ್ಮ ಮುಂದಿಟ್ಟರು. ನನ್ನ ಷಡ್ಡಕ ಜಗದೀಶನೂ ಅಲ್ಲಿದ್ದ. ಶಾರದೆಯ ತಂಗಿಯ ಗಂಡ, ಕೋಪರಖೈರಣೆಯವನು. "ಭಾವ, ನಮ್ಮಲ್ಲಿ ಲೈಟ್ ಇರುವ ಶೋಕೇಸೇ ಉಂಟು. ಸುಮ್ಮನೆ ನಿಮಗೆ ಯಾಕೆ ತ್ರಾಸು?" ಎಂದ. ಆ 'ಸುಮ್ಮನೆ' ಎಂಬುದು ನನ್ನ ಎದೆಗೆ ನಾಟಿತು. ಮಾವ ನಿಧಾನವಾಗಿ ಹೇಳಿದರು: "ಶಾರದೆ ದೊಡ್ಡವಳಲ್ವಾ, ಮೊದಲು ಅವಳಲ್ಲಿ ಇರಲಿ. ಆಯುಧ ಪೂಜೆಗೆ ಬಂದು ನೋಡುತ್ತೇನೆ. ಮರ್ಯಾದೆಯಲ್ಲಿ ಇಟ್ಟಿದ್ದರೆ ಸರಿ. ಇಲ್ಲದಿದ್ದರೆ ಜಗದೀಶ ತಕೊಂಡು ಹೋಗಲಿ." ಅಪ್ಪನ ವಾದ್ಯ ತಂಗಿಯ ಮನೆಯ ಶೋಕೇಸಿನಲ್ಲಿ ಚೀನಾ ಗೊಂಬೆಗಳ ನಡುವೆ ಕೂರುವುದನ್ನು ನೆನೆದೇ ಶಾರದೆಯ ಮುಖ ಕಪ್ಪಿಟ್ಟಿತು. "ನೀವು ಎಂತಾದರೂ ಮಾಡಿ, ಅದು ಈ ಮನೆಯಿಂದ ಹೋಗಬಾರದು" ಎಂದು ಅಡುಗೆಮನೆಗೆ ಕರೆದು ಅಪ್ಪಣೆ ಮಾಡಿದಳು.

ಇಡುವುದು ಎಲ್ಲಿ? ನಮ್ಮದು ಡೊಂಬಿವಿಲಿಯ ಒಂದು ಬೆಡ್‌ರೂಮಿನ ಮನೆ. ಹಳೆಯ ಟೀವಿಗಾದರೆ ಬೆನ್ನೂ ಇತ್ತು, ತಲೆಯೂ ಇತ್ತು. ತಲೆಯ ಮೇಲೆ ಗಣಪತಿ, ಹೂದಾನಿ, ಕರೆಂಟು ಬಿಲ್ಲು, ಎಲ್ಲಕ್ಕೂ ಜಾಗವಿತ್ತು. ಆ ವರ್ಷವಷ್ಟೇ ನಾವು ಚಪ್ಪಟೆ ಟೀವಿ ತಂದು ಆ ಸೌಕರ್ಯವನ್ನೂ ಕಳೆದುಕೊಂಡಿದ್ದೆವು. ದೇವರ ಮಂಟಪದ ಪಕ್ಕ ಇಡೋಣವೆಂದರೆ ಶಾರದೆ ಸುತರಾಂ ಒಪ್ಪಲಿಲ್ಲ. "ಊದುವ ವಾದ್ಯ ಎಂಜಲು ಮಾರಾಯ್ರೆ! ದೇವರ ಹತ್ತಿರ ಇಡುವುದುಂಟಾ?" ಮಂಟಪದೊಳಗೆ ಕೃಷ್ಣ ಆರಾಮವಾಗಿ ಕೊಳಲು ಊದುತ್ತಾ ನಿಂತಿದ್ದ. ಬೆರಳಿಟ್ಟು ತೋರಿಸಿದೆ. "ಅವನ ಎಂಜಲು ಬೇರೆ, ನಮ್ಮದು ಬೇರೆ" ಎಂದು ವಾದ ಮುಗಿಸಿದಳು. ಚಪ್ಪಲಿ ಗೂಡಿನ ಬಳಿ ಆಗದು, ಒಲೆಯ ಹೊಗೆ ತಾಗಬಾರದು, ಕಾಲಿನ ಎತ್ತರಕ್ಕಂತೂ ಕೂಡದೇ ಕೂಡದು. ಕಳೆಯುತ್ತ ಕಳೆಯುತ್ತ ಕೊನೆಗೆ ಉಳಿದದ್ದು ಫ್ರಿಜ್ಜಿನ ನೆತ್ತಿ.

ಮೊದಲು ಸ್ಟ್ಯಾಂಡು ಕೊಳ್ಳಲು ಹೊರಟೆ. ಠಾಣೆಯ ಅಂಗಡಿಬೀದಿಯಲ್ಲಿ ಕೊಡೆಗೆ ಸ್ಟ್ಯಾಂಡಿದೆ, ಅಗರಬತ್ತಿಗಿದೆ, ಕ್ರಿಕೆಟ್ ಬ್ಯಾಟಿಗಿದೆ, ಮೊಬೈಲು ಒರಗಿಸಲೂ ಇದೆ. ಮುಖವೀಣೆಗೆ ಎಂದರೆ ಅದೇನೆಂದೇ ತಿಳಿಯದೆ "ವೋ ಕ್ಯಾ ಹೋತಾ ಹೈ?" ಎನ್ನುತ್ತಾರೆ. ಕೈಯಲ್ಲಿ ಅಳತೆ ತೋರಿಸಿದ್ದಕ್ಕೆ ಒಬ್ಬ ಚಪಾತಿ ಲಟ್ಟಣಿಗೆಯ ಸ್ಟ್ಯಾಂಡು ತಂದಿಟ್ಟ. ನಾನು ಕೆಲಸ ಮಾಡುವುದು ಕೆಮಿಕಲ್ ಫ್ಯಾಕ್ಟರಿಯ ಸ್ಟೋರಿನಲ್ಲಿ. ಅಲ್ಲಿಂದ ಮೂಲೆಗೆ ಬಿದ್ದಿದ್ದ ಟೆಸ್ಟ್ ಟ್ಯೂಬಿನ ಮರದ ಸ್ಟ್ಯಾಂಡೊಂದನ್ನು ಕೇಳಿಕೊಂಡು ತಂದೆ. ಕೊಳಲುಗಳನ್ನು ಅದರಲ್ಲಿ ನಿಲ್ಲಿಸಿ ದೂರ ನಿಂತು ನೋಡುತ್ತಿರುವಾಗ ಕಾಲೇಜಿನಿಂದ ಬಂದ ಮಗಳು "ಪಪ್ಪಾ, ಹೇ ಟೂಥ್‌ಬ್ರಶ್ ಸ್ಟ್ಯಾಂಡ್ ಆಹೇ ಕಾ?" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಅವಮಾನ ಮಾಡುವುದು ಮಾತ್ರ ಮರಾಠಿಯಲ್ಲಿ.

ಇನ್ನು ನಾನೇ ಮಾಡುವುದೆಂದು ಹಟ ತೊಟ್ಟೆ. ನಮ್ಮ ಹಿಂದಿನ ಕಟ್ಟಡವನ್ನು ಕೆಡವುತ್ತಿದ್ದರು. ಅಲ್ಲಿಂದ ಕಿಟಕಿಯ ಸಾಗುವಾನಿ ಚೌಕಟ್ಟಿನ ತುಂಡು ಸಿಕ್ಕಿತು. ಪಕ್ಕದ ಮನೆಯ ಜೋಶಿ ಕಾಕಾ ಡ್ರಿಲ್ ಕೊಟ್ಟರು, ಜತೆಗೆ ಮಧ್ಯಾಹ್ನದ ಊಟದಿಂದ ಸಂಜೆಯ ಚಹಾದವರೆಗೆ ಅದನ್ನು ಮುಟ್ಟಬಾರದೆಂಬ ಷರತ್ತು. ಡೊಂಬಿವಿಲಿಯಲ್ಲಿ ರೈಲು ನಿಂತರೂ ಜನ ಸಹಿಸುತ್ತಾರೆ, ಭಾನುವಾರದ ಮಧ್ಯಾಹ್ನದ ನಿದ್ದೆ ಕೆಟ್ಟರೆ ಸಹಿಸುವುದಿಲ್ಲ. ಹಾಗಾಗಿ ಬೆಳಗ್ಗೆ ಕೊರೆದೆ, ಮಧ್ಯಾಹ್ನ ಸದ್ದಿಲ್ಲದೆ ಉಜ್ಜಿದೆ, ಸಂಜೆ ಬೆರಳಿಗೆ ಬ್ಯಾಂಡೇಜು ಸುತ್ತಿಸಿಕೊಂಡೆ. ಎಷ್ಟೋ ಭಾನುವಾರಗಳ ಬಳಿಕ ಓರೆಯಾಗಿ ನಿಲ್ಲುವ, ವಾದ್ಯಗಳು ಬೆನ್ನು ಕೊಟ್ಟು ಒರಗುವಂಥ ಹಲಗೆಯೊಂದು ತಯಾರಾಯಿತು. ಪಾಲಿಶ್ ಹಚ್ಚಿದ ಮೇಲೆ ಶಾರದೆ ಸುತ್ತ ಒಂದು ಸುತ್ತು ಬಂದು, "ಪರವಾಗಿಲ್ಲ, ನಿಮ್ಮ ಕೈಯಲ್ಲೂ ಒಂದು ಕೆಲಸ ಆಗುತ್ತದೆ" ಎಂದಳು. ನಮ್ಮ ಮದುವೆಯಾದ ಮೇಲೆ ಕೇಳಿದ ಅತಿ ದೊಡ್ಡ ಹೊಗಳಿಕೆ ಅದು.

ಆದರೆ ನಮ್ಮ ಕಟ್ಟಡ ಹಳಿಯ ಪಕ್ಕದ್ದು. ಗೂಡ್ಸ್ ಗಾಡಿ ಹೋಯಿತೆಂದರೆ ಅಡುಗೆಮನೆಯ ಲೋಟಗಳೆಲ್ಲ ಮಾತಾಡುತ್ತವೆ. ಮೊದಲ ಗಾಡಿಗೇ ಕೊಳಲೊಂದು ಜಾರಿ ಫ್ರಿಜ್ಜಿನಿಂದ ಕೆಳಗೆ ಹಾರಿತು. ಪುಣ್ಯಕ್ಕೆ ಶಾರದೆಯ ಸೊಪ್ಪಿನ ಬುಟ್ಟಿಯಲ್ಲಿ ಬಿತ್ತು. ತಕ್ಷಣ ಹೋಗಿ ಹಿತ್ತಾಳೆಯ ಕ್ಲಾಂಪುಗಳನ್ನು ತಂದೆ, ಒಳಗೆ ಮೆತ್ತನೆಯ ಬಟ್ಟೆ ಅಂಟಿಸಿ, ಮೂರೂ ವಾದ್ಯಗಳನ್ನು ಹಲಗೆಗೆ ಅಪ್ಪಿಸಿ ಸ್ಕ್ರೂ ಬಿಗಿದೆ. ಇನ್ನು ಭೂಕಂಪವೇ ಬಂದರೂ ಕಟ್ಟಡ ಬಿದ್ದೀತು, ಮುಖವೀಣೆ ಬೀಳದು ಎಂದು ಜಂಬದಿಂದ ಹೇಳಿಕೊಂಡು ತಿರುಗಿದೆ. ಅಷ್ಟು ಬಿಗಿದವನು ಬಿಚ್ಚುವ ಯೋಚನೆಯನ್ನೇ ಮಾಡಿರಲಿಲ್ಲ. ಹಲ್ಲಿಲ್ಲದ ಮಾವ, ಊದಲು ಬಾರದ ಅಳಿಯ, ಯಾರು ಬಿಚ್ಚಬೇಕಿತ್ತು ಹೇಳಿ?

ಆಯುಧ ಪೂಜೆಯ ದಿನ ಮಾವ ಬಂದರು, ಹಿಂದೆಯೇ ಜಗದೀಶ, ಕೈಯಲ್ಲಿ ದೊಡ್ಡದೊಂದು ಖಾಲಿ ಚೀಲ. ಆ ಚೀಲ ನೋಡಿಯೇ ನನಗೆ ಮೈ ಉರಿಯಿತು. ಮಾವ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡಿದ್ದರು. "ಬನ್ನಿ ಮಾವ" ಎಂದರೆ ಬರೀ ತಲೆಯಾಡಿಸಿದರು. "ಅಪ್ಪನಿಗೆ ಯಾಕೋ ಸಿಟ್ಟು ಬಂದಿದೆ" ಎಂದು ಶಾರದೆ ಪಿಸುಗುಟ್ಟಿದಳು. ಮಾವ ಫ್ರಿಜ್ಜಿನ ಮುಂದೆ ನಿಂತರು. ಸಾಗುವಾನಿಯನ್ನು ಸವರಿದರು, ಕ್ಲಾಂಪನ್ನು ಮುಟ್ಟಿದರು. ಆಮೇಲೆ ಅವರು ಕರ್ಚೀಫು ತೆಗೆದು ನಮ್ಮ ಕಡೆ ತಿರುಗಿ ನಕ್ಕರು. ಬಾಯಿ ತುಂಬ ಹಲ್ಲು! ಫಳಫಳ ಹೊಳೆಯುವ ಹೊಸ ಸೆಟ್ಟು. ಯಾರಿಗೂ ತಿಳಿಸದೆ ಮಗನ ಜತೆ ಹೋಗಿ ಕಟ್ಟಿಸಿಕೊಂಡು, ಬರೀ ಪೀಪಿ ಊದಿ ಅಭ್ಯಾಸವನ್ನೂ ಮಾಡಿಕೊಂಡಿದ್ದರು. ಜೇಬಿನಿಂದ ಹೊಸ ಪೀಪಿ ತೆಗೆದು, "ಅಳಿಯಂದಿರೇ, ಸ್ಟ್ಯಾಂಡು ಲಾಯ್ಕಾಗಿದೆ. ಈಗ ಒಮ್ಮೆ ಅದನ್ನು ಬಿಚ್ಚಿ ಕೊಡಿ, ಊದಿ ನೋಡುವ" ಎಂದರು.

ಶಾರದೆ ಅಲ್ಲೇ ಅತ್ತುಬಿಟ್ಟಳು. ನಾನು ಸ್ಕ್ರೂಡ್ರೈವರಿಗೆ ಓಡಿದೆ. ಅದು ಎಲ್ಲಿತ್ತು? ದೇವರ ಮುಂದೆ ಮಣೆಯ ಮೇಲೆ, ಕುಂಕುಮ ಹಚ್ಚಿಸಿಕೊಂಡು, ತಲೆಗೆ ಸೇವಂತಿಗೆ ಮುಡಿದು ಕೂತಿತ್ತು. ಪಕ್ಕದಲ್ಲಿ ಇಕ್ಕಳ, ಸುತ್ತಿಗೆ, ಕತ್ತರಿ, ಚಾಕು, ಈಳಿಗೆಮಣೆ. ಪೂಜೆಗಿಟ್ಟ ಆಯುಧವನ್ನು ದಶಮಿಗೆ ಮೊದಲು ಮುಟ್ಟುವ ಹಾಗಿಲ್ಲ. ಈ ನಿಯಮಕ್ಕಾಗಿಯೇ ಶಾರದೆ ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟಿದ್ದಳು. "ಬೇಡ, ವರ್ಷದ ಪೂಜೆ" ಎಂದು ಕಣ್ಣೊರೆಸುತ್ತಲೇ ಅಡ್ಡ ನಿಂತಳು. ಜೋಶಿ ಕಾಕಾರ ಬಾಗಿಲು ಬಡಿದೆ. "ಅರೇ, ಆಜ್ ಖಂಡೇನವಮೀ ನಾ! ಉದ್ಯಾ ಘ್ಯಾ" ಎಂದರು, ನಾಳೆ ತಕೊಳ್ಳಿ ಅಂತ. ಅವರದೂ ಪೂಜೆಗೆ ಕೂತಿತ್ತು. ಮೇಲಿನ ಮಾಳಿಗೆಯಿಂದ ಕೆಳಗಿನವರೆಗೆ ಕೇಳಿ ಬಂದೆ, ಇಡೀ ಕಟ್ಟಡದ ಸ್ಕ್ರೂಡ್ರೈವರುಗಳು ಅಂದು ಹೂ ಮುಡಿದು ರಜೆಯಲ್ಲಿದ್ದವು. ನಾಣ್ಯ ಹಾಕಿ ತಿರುಗಿಸಿದೆ, ಜಗದೀಶ ಬೀಗದ ಕೈಯಿಂದ ತಿವಿದ. ಆದರೆ ಬಿಗಿದವನು ನಾನು, ಭೂಕಂಪಕ್ಕೆಂದು ಬಿಗಿದದ್ದು. ಬಿಚ್ಚೀತೇ? ಎಷ್ಟೋ ವರ್ಷಗಳ ಮೇಲೆ ಮನುಷ್ಯ ಬಾಯಿ ತೆರೆದು ಒಂದು ಆಸೆ ಹೇಳಿದ್ದಾರೆ, ನಾನು ಅದಕ್ಕೆ ಸ್ಕ್ರೂ ಜಡಿದು ಕೂರಿಸಿದ್ದೇನೆ. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಾವ ಸ್ವಲ್ಪ ಹೊತ್ತು ನಮ್ಮ ಒದ್ದಾಟ ನೋಡಿದರು. ಆಮೇಲೆ ಇಡೀ ಸ್ಟ್ಯಾಂಡನ್ನೇ ಎತ್ತಿಕೊಂಡು ಕೂತು, ತೊಡೆಯ ಮೇಲೆ ನಿಲ್ಲಿಸಿ, ಕಂಕುಳಲ್ಲಿ ಅವುಚಿ, ಮುಖವೀಣೆಗೆ ಪೀಪಿ ಸಿಕ್ಕಿಸಿ ಊದಿಯೇ ಬಿಟ್ಟರು. ಮೊದಲು ಬರೀ ಗಾಳಿ ಬಂತು, ಆಮೇಲೆ ಕೀರಲು, ಆಮೇಲೆ ತಟ್ಟನೆ ಸ್ವರ. ಅಬ್ಬ, ಎಂಥ ಸ್ವರ! ಒಂದು ಕ್ಲಾಂಪು ಸರಿಯಾಗಿ ಒಂದು ತೂತಿನ ಮೇಲೆ ಕೂತಿತ್ತು. "ಒಂದು ಸ್ವರಕ್ಕೆ ಬೀಗ ಹಾಕಿದ್ದೀರಿ ಅಳಿಯಂದಿರೇ" ಎಂದು ನಕ್ಕು, ಆ ಸ್ವರ ಬೇಡದ ರಾಗವೊಂದನ್ನು ಹುಡುಕಿ ನುಡಿಸಿದರು. ಬಾಗಿಲಲ್ಲಿ ಜೋಶಿ ಕಾಕಾ ಬಂದು ನಿಂತರು. ಮಧ್ಯಾಹ್ನದ ನಿದ್ದೆಯ ಹೊತ್ತು, ಆದರೂ ಒಬ್ಬರೂ ಗೊಣಗಲಿಲ್ಲ. ನನಗೆ ಅಳು ಬಂತು, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಜಗದೀಶನೂ ತನ್ನ ಖಾಲಿ ಚೀಲದಲ್ಲೇ ಮೂಗೊರೆಸಿಕೊಂಡ.

ಮಾರನೆಯ ದಿನ ದಶಮಿಯ ಪೂಜೆ ಮುಗಿಸಿ ಸ್ಕ್ರೂ ಬಿಚ್ಚಿದೆ. ಮಾವ ತಮ್ಮ ವಾದ್ಯಗಳನ್ನು ಅದೇ ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಸಾನಪಾಡಾಕ್ಕೆ ಹೊರಟರು. ನನಗೂ ಇಲ್ಲ, ಷಡ್ಡಕನಿಗೂ ಇಲ್ಲ. ಸ್ಟ್ಯಾಂಡನ್ನಾದರೂ ತೆಗೆದುಕೊಂಡು ಹೋಗಿ ಎಂದೆ. "ಬೇಡ, ನನಗೆ ದಿಂಬಿನ ಹತ್ತಿರ ಇದ್ದರೆ ಸಾಕು. ಇದು ಇಲ್ಲೇ ಇರಲಿ, ನಾನು ಹೋದ ಮೇಲೆ ನಿಮಗೆ ಬೇಕಾಗುತ್ತದಲ್ವಾ" ಎಂದು ಹೊಸ ಹಲ್ಲು ತೋರಿಸಿ ನಕ್ಕು ರಿಕ್ಷಾ ಹತ್ತಿದರು.

ಅಂದಿನಿಂದ ಅದು ನಮ್ಮ ಫ್ರಿಜ್ಜಿನ ಮೇಲೆ ಖಾಲಿ ನಿಂತಿದೆ. ದಿನಾ ಬೆಳಗ್ಗೆ ಧೂಳು ಒರೆಸುತ್ತೇನೆ, ಪಾಲಿಶ್ ಮಾಸಿದರೆ ಮತ್ತೆ ಹಚ್ಚುತ್ತೇನೆ, ಅಲ್ಲಿ ಒಂದು ಪೆನ್ನು ಇಟ್ಟರೂ ಮನೆಯವರ ಮೇಲೆ ಹಾರಾಡುತ್ತೇನೆ. ಮೊನ್ನೆ ಆಫೀಸಿನ ಮಿತ್ರರೊಬ್ಬರು ಬಂದಿದ್ದರು. ಚಹಾ ಕುಡಿಯುತ್ತಾ ಅದನ್ನೇ ನೋಡಿ, "ಎಷ್ಟು ಚಂದದ ಸ್ಟ್ಯಾಂಡು ಮಾರಾಯ್ರೆ! ಬೇಗ ಅದರಲ್ಲಿ ಏನಾದರೂ ಬಂದು ಕೂರುವ ಹಾಗಾಗಲಿ" ಎಂದು ಹಾರೈಸಿದರು. "ಬಾಯಿಗೆ ಬಂದ ಹಾಗೆ ಮಾತಾಡಬೇಡಿ!" ಎಂದು ಕಿರುಚಿಬಿಟ್ಟೆ. ಪಾಪ, ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.